ಮೂರು ಕಾಲಿನ ಶಾವಿಗೆ ಒರಳು: ಮೂವತ್ತು ಸಲ ಒತ್ತಿದ ಮೇಲೆ

ನಮ್ಮ ಕಡೆ ಶಾವಿಗೆ ಅಂದರೆ ಪ್ಯಾಕೆಟ್ಟಿನಲ್ಲಿ ಬರುವ ಒಣ ಶಾವಿಗೆ ಅಲ್ಲ. ಅಕ್ಕಿ ಹಿಟ್ಟನ್ನು ಕಾಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಕೈ ಸುಡುವಷ್ಟು ಬಿಸಿ ಇರುವಾಗಲೇ ಒರಳಿಗೆ ಹಾಕಿ ಒತ್ತುವ ಶಾವಿಗೆ. ನಾನು ತೀರ್ಥಹಳ್ಳಿ ಕಡೆಯವಳು. ಮದುವೆಯಾಗಿ ಮೈಸೂರಿಗೆ ಬಂದು ಹನ್ನೆರಡು ವರ್ಷ ಆಯಿತು. ಅದರಲ್ಲಿ ಮೊದಲ ಹತ್ತು ವರ್ಷ ನಮ್ಮ ಮನೆಯಲ್ಲಿ ಶಾವಿಗೆ ಆಗಿದ್ದು ಹೆಚ್ಚೆಂದರೆ ಐದಾರು ಸಲ. ಒರಳು ಸರಿ ಇರಲಿಲ್ಲ, ಅದೇ ಕಾರಣ.

ಎಳ್ಳಮಾವಾಸ್ಯೆ ಜಾತ್ರೆಗೆ ಊರಿಗೆ ಹೋದಾಗ ಪೇಟೆಯ ಪಾತ್ರೆ ಅಂಗಡಿಯಲ್ಲಿ ಹೊಸ ಒರಳು ತಗೊಂಡೆ. ಸ್ಟೀಲಿನದು, ಮೂರು ಕಾಲಿನದು, ಮೇಲೆ ತಿರುಪು ಇರುವಂಥದ್ದು. 2850 ರೂಪಾಯಿ ಆಯಿತು. ಅಲ್ಲಿಂದ ಈಚೆಗೆ ಮೂವತ್ತು ಸಲಕ್ಕಿಂತ ಜಾಸ್ತಿ ಒತ್ತಿದ್ದೇವೆ. ಹಬ್ಬಕ್ಕೆ ಮಾತ್ರ ಆಗುತ್ತಿದ್ದ ತಿಂಡಿ ಈಗ ಭಾನುವಾರದ ತಿಂಡಿ ಆಗಿದೆ. ಇಂಥ ಒರಳು ತಗೊಳ್ಳಬೇಕು ಅಂತಿರುವವರಿಗೆ ನನ್ನ ಅನುಭವ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಹೇಳಬೇಕು. ಚಕ್ಕುಲಿ ಒರಳಿನಲ್ಲಿ ಈ ಶಾವಿಗೆ ಆಗುವುದಿಲ್ಲ. ಕೇರಳದ ಇಡಿಯಪ್ಪಂಗೆ ಮೆತ್ತಗಿನ ಹಿಟ್ಟನ್ನು ಮೊದಲು ಒತ್ತಿ, ಆಮೇಲೆ ಬೇಯಿಸುತ್ತಾರೆ. ಅದಕ್ಕೆ ಕೈಯಲ್ಲಿ ಹಿಡಿಯುವ ಒರಳು ಸಾಕು. ನಮ್ಮದು ಉಲ್ಟಾ. ಮೊದಲು ಬೇಯಿಸುವುದು, ಆಮೇಲೆ ಒತ್ತುವುದು. ಕೊಡಗಿನ ನೂಪುಟ್ಟು, ತುಳುನಾಡಿನ ಸೇಮೆದಡ್ಯೆ, ತಮಿಳರ ಸೇವೈ ಎಲ್ಲಾ ಇದೇ ದಾರಿಯವು. ಬೆಂದ ಅಕ್ಕಿ ಉಂಡೆ ರಬ್ಬರಿನ ಹಾಗೆ ಇರುತ್ತದೆ. ಅದನ್ನು ಸಣ್ಣ ತೂತುಗಳಿಂದ ಹೊರಗೆ ತಳ್ಳಬೇಕೆಂದರೆ ಬಲ ಬೇಕು. ಆ ಬಲ ಒರಳಿನಿಂದ ಬರಬೇಕು, ಬರೀ ತೋಳಿನಿಂದ ಬರಲ್ಲ.

ಅಜ್ಜನ ಮನೆಯಲ್ಲಿ ಮರದ ಒರಳಿತ್ತು. ಹಲಸಿನ ಮರದ್ದು. ಒರಳಿನ ಮೇಲೆ ಆಳುದ್ದದ ಸನ್ನೆಕೋಲು. ಅದರ ತುದಿಗೆ ಅಪ್ಪಯ್ಯ, ಚಿಕ್ಕಪ್ಪ ಇಬ್ಬರೂ ಜೋತು ಬೀಳುತ್ತಿದ್ದರು. ಅಜ್ಜಿ ಕೆಳಗೆ ಬಾಳೆಲೆ ಹಿಡಿದು ಕೂತು, ಶಾವಿಗೆ ಇಳಿದ ಹಾಗೆ ಎಲೆಯನ್ನು ನಿಧಾನ ತಿರುಗಿಸುತ್ತಿದ್ದರು. ಎಲೆ ತುಂಬಿದ ಕೂಡಲೇ "ಸಾಕು, ಎತ್ರೋ" ಅನ್ನುವರು. ಸನ್ನೆ ಮೇಲೆ ಹೋಗುತ್ತಿತ್ತು. ನಾವು ಮಕ್ಕಳಿಗೆ ಆ ಸನ್ನೆಯ ಮೇಲೆ ಕೂರುವ ಆಸೆ. ಕೊನೆಯ ಉಂಡೆಗೆ ಮಾತ್ರ ಬಿಡುತ್ತಿದ್ದರು. ಅಷ್ಟು ಜನ ಸೇರಿದರೆ ಮಾತ್ರ ಶಾವಿಗೆ. ಆದ್ದರಿಂದಲೇ ಅದು ಹಬ್ಬಕ್ಕೆ, ಇಲ್ಲಾ ಅಳಿಯ ಮನೆಗೆ ಬಂದಾಗ ಆಗುವ ತಿಂಡಿ.

ಮೈಸೂರಿನ ಬಾಡಿಗೆ ಮನೆಗೆ ಮರದ ಒರಳು ಎಲ್ಲಿಂದ ತರುವುದು? ಆರು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಂದು ಅಲ್ಯೂಮಿನಿಯಂ ಒರಳು ತರಿಸಿದೆ. ನೋಡಲು ಹೀಗೇ ಇತ್ತು, ಮೂರು ಕಾಲು, ಮೇಲೆ ಹಿಡಿ. ಹಗುರ ಇದೆಯಲ್ಲ ಅಂತ ಖುಷಿಪಟ್ಟಿದ್ದೆ. ಮೊದಲ ದಿನವೇ ಮೂರನೇ ಉಂಡೆಗೆ ಮೇಲಿನ ಅಡ್ಡಪಟ್ಟಿ ಬಾಗಿತು. ಆಮೇಲೆ ತಿರುಪಿನ ಹಲ್ಲು ಸವೆದು ಬೂದಿ ಬಣ್ಣದ ಪುಡಿ ಉದುರಲು ಶುರುವಾಯಿತು. ಊಟದ ಪದಾರ್ಥದ ಮೇಲೆ ಆ ಪುಡಿ ಕಂಡ ದಿನವೇ ಅದನ್ನು ಅಟ್ಟಕ್ಕೆ ಹಾಕಿದೆ. ವಾಪಸ್ ಕೊಡುವ ಅವಧಿ ಅಷ್ಟರಲ್ಲಿ ಮುಗಿದಿತ್ತು. ಫೋಟೋ ನೋಡಿ ಒರಳು ತಗೊಳ್ಳಬೇಡಿ ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿಯೇ ತಗೊಳ್ಳಬೇಕು.

ಈ ಸಲ ಅಂಗಡಿಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಜಾತ್ರೆಯ ಮಾರನೇ ದಿನ. ಪೇಟೆ ತುಂಬ ಜನ. ಅಂಗಡಿಯವರು ಮೂರು ಅಳತೆಯ ಒರಳು ತೆಗೆದು ಮುಂದಿಟ್ಟರು. ನಾನು ಹೊಳಪು ನೋಡುತ್ತಿದ್ದೆ. ಅಮ್ಮ ಒಂದರ ತಿರುಪು ಬಿಚ್ಚಿ, ಹಿಟ್ಟನ್ನು ಕೆಳಗೆ ತಳ್ಳುವ ಬಿಲ್ಲೆಯನ್ನು ಒರಳಿನ ಒಳಗೆ ಇಳಿಸಿದರು. ಚೀಲದಿಂದ ಒಂದು ಹಳೇ ಮದುವೆ ಕರೆಯೋಲೆ ತೆಗೆದರು. ಅದರ ಒಂದು ಮೂಲೆ ಹರಿದು, ಬಿಲ್ಲೆಗೂ ಒರಳಿನ ಗೋಡೆಗೂ ನಡುವೆ ತೂರಿಸಿ ನೋಡಿದರು. ಕಾರ್ಡು ಸರಕ್ಕನೆ ಒಳಗೆ ಹೋಯಿತು.

"ಇದು ಬೇಡ. ಹಿಟ್ಟು ಮೇಲೆ ಹತ್ತುತ್ತೆ" ಅಂದರು.

ಎರಡನೆಯದೂ ಹಾಗೇ ಆಯಿತು. ಮೂರನೆಯದರಲ್ಲಿ ಕಾರ್ಡು ಹೋಗಲಿಲ್ಲ. ಕರೆಯೋಲೆಯ ಒಳಗಿದ್ದ ತೆಳು ಹಾಳೆ ಮಾತ್ರ ಹೋಯಿತು. "ಹಾಳೆ ಹೋಗಬೇಕು, ಕಾರ್ಡು ಹೋಗಬಾರದು. ಇದು ಕೊಡಿ" ಅಂದರು. ಅಂಗಡಿಯವರು ನಕ್ಕು, "ಅಮ್ಮ ಸರಿಯಾಗೇ ನೋಡ್ತಾರೆ" ಅಂತ ಐವತ್ತು ರೂಪಾಯಿ ಕಡಿಮೆ ಮಾಡಿದರು.

ಆ ಒಂದು ಪರೀಕ್ಷೆಯ ಬೆಲೆ ಎಷ್ಟು ಅಂತ ಮನೆಗೆ ಬಂದು ಒತ್ತಿದಾಗ ಗೊತ್ತಾಯಿತು. ಬಿಲ್ಲೆಯ ಸುತ್ತ ಸಂದು ಜಾಸ್ತಿ ಇದ್ದರೆ ಹಿಟ್ಟು ಕೆಳಗಿನ ಸಣ್ಣ ತೂತಿನಲ್ಲಿ ಇಳಿಯುವ ಬದಲು ಸುಲಭದ ದಾರಿ ಹುಡುಕಿ ಮೇಲಕ್ಕೆ ಉಕ್ಕುತ್ತದೆ. ತಿರುಪಿಗೆ ಮೆತ್ತಿಕೊಳ್ಳುತ್ತದೆ. ಅರ್ಧ ಉಂಡೆ ದಂಡ. ಹಳೇ ಅಲ್ಯೂಮಿನಿಯಂ ಒರಳಿನಲ್ಲಿ ಪ್ರತಿ ಸಲವೂ ಇದೇ ಆಗುತ್ತಿತ್ತು. ಹಿಟ್ಟಿನ ಹದ ತಪ್ಪಿರಬೇಕು ಅಂತ ನಾನು ನೀರಿನ ಅಳತೆ ಬದಲಾಯಿಸುತ್ತಾ ಇದ್ದೆ. ತಪ್ಪು ಹಿಟ್ಟಿನದಾಗಿರಲಿಲ್ಲ.

ಇನ್ನೆರಡು ವಿಷಯ ಅಂಗಡಿಯಲ್ಲೇ ನೋಡಿಕೊಳ್ಳಿ. ಒಂದು, ತಿರುಪಿನ ಹಲ್ಲು. ಚೂಪಾಗಿರುವುದಕ್ಕಿಂತ ದಪ್ಪಗೆ, ಚೌಕವಾಗಿ ಕಡೆದಿರುವ ಹಲ್ಲು ಒತ್ತಡ ಚೆನ್ನಾಗಿ ತಡೆಯುತ್ತದೆ. ನನ್ನದು ಚೌಕ ಹಲ್ಲಿನದು. ಹತ್ತು ಸುತ್ತಿಗೆ ಬಿಲ್ಲೆ 5 ಸೆಂಟಿಮೀಟರ್ ಇಳಿಯುತ್ತದೆ, ಮಗಳ ಸ್ಕೇಲಿನಲ್ಲಿ ಅಳೆದು ನೋಡಿದ್ದೇನೆ. ಅಂದರೆ ಒಂದು ಪೂರ್ತಿ ಸುತ್ತಿಗೆ ಬರೀ ಅರ್ಧ ಸೆಂಟಿಮೀಟರ್. ಕೈ ಅಷ್ಟು ದೂರ ತಿರುಗಿ ಬಿಲ್ಲೆ ಇಷ್ಟೇ ಇಳಿಯುವುದರಿಂದಲೇ ಇಬ್ಬರು ಗಂಡಸರು ಸನ್ನೆಗೆ ಜೋತು ಬಿದ್ದು ಮಾಡುತ್ತಿದ್ದ ಕೆಲಸ ಒಬ್ಬರ ಕೈಯಲ್ಲಿ ಆಗುತ್ತದೆ. ಇನ್ನೊಂದು, ಅಚ್ಚು. ತೂತಿನ ಅಂಚಿನ ಮೇಲೆ ಬೆರಳು ಆಡಿಸಿ ನೋಡಿ. ತರಿತರಿ ಇದ್ದರೆ ಎಳೆ ಒಡೆದು ಒಡೆದು ಬರುತ್ತದೆ. ನನ್ನ ಒರಳಿನ ಜೊತೆ ಮೂರು ಅಚ್ಚು ಬಂದವು. ಸಣ್ಣ ಎಳೆಯದು, ನಡು ಎಳೆಯದು, ಖಾರಸೇವೆಗೆ ಆಗುವ ದಪ್ಪನೆಯದು. ನಡುವಿನದೇ ದಿನಬಳಕೆಗೆ ಒಳ್ಳೆಯದು. ಸಣ್ಣ ಎಳೆ ನೋಡಲು ಚೆಂದ, ಆದರೆ ತಿರುಗಿಸುವವರ ತೋಳು ಸೋಲುತ್ತದೆ.

ತಂದ ದಿನವೇ ಬಳಸಬೇಡಿ. ಹೊಸ ಒರಳಿನ ತಿರುಪಿಗೆ ಕಪ್ಪು ಎಣ್ಣೆ ಬಳಿದಿರುತ್ತಾರೆ. ಕಡಲೆಹಿಟ್ಟು ಹಾಕಿ ಬಟ್ಟೆಯಲ್ಲಿ ತಿಕ್ಕಿದೆ. ಬಿಸಿನೀರಿನಲ್ಲಿ ತೊಳೆದೆ. ಮತ್ತೆ ಕಡಲೆಹಿಟ್ಟು. ಬಿಳಿ ಬಟ್ಟೆಗೆ ಕಪ್ಪು ಹತ್ತುವುದು ನಿಂತ ಮೇಲೆ ಕೊಬ್ಬರಿ ಎಣ್ಣೆ ಸವರಿದೆ. ಮೊದಲ ಉಂಡೆ ಸುಮ್ನೆ ಒರಳು ತೊಳೆಯಲಿ ಅಂತ ಒತ್ತಿ ಎಸೆದೆ. ಎರಡನೆಯದರಿಂದ ತಿಂದೆವು.

ಈಗ ಭಾನುವಾರದ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ನಾಲ್ಕು ಜನಕ್ಕೆ ಅರ್ಧ ಕೆಜಿ ದೋಸೆ ಅಕ್ಕಿ. ಶನಿವಾರ ರಾತ್ರಿ ನೆನೆಹಾಕುತ್ತೇನೆ. ಬೆಳಿಗ್ಗೆ ಒಂದು ಹಿಡಿ ಕಾಯಿತುರಿ, ಉಪ್ಪು ಸೇರಿಸಿ ನುಣ್ಣಗೆ ರುಬ್ಬುವುದು. ಬೆರಳಲ್ಲಿ ಉಜ್ಜಿದರೆ ಚೂರೂ ತರಿ ಸಿಗಬಾರದು. ನೀರು ದೋಸೆ ಹಿಟ್ಟಿನಷ್ಟು ತೆಳ್ಳಗೆ ಮಾಡಿ, ದಪ್ಪ ತಳದ ಬಾಣಲೆಯಲ್ಲಿ ಕೈ ಬಿಡದೆ ಕೆದಕಬೇಕು. ಮೊದಲು ಗಂಟು ಗಂಟಾಗುತ್ತದೆ, ಹೆದರಬೇಡಿ. ಕೆದಕುತ್ತಾ ಹೋದರೆ ಒಂದೇ ಮುದ್ದೆಯಾಗಿ ಬಾಣಲೆಯ ಅಂಚು ಬಿಡುತ್ತದೆ. ಒದ್ದೆ ಕೈಯಲ್ಲಿ ಕಿತ್ತಳೆ ಹಣ್ಣಿನಷ್ಟು ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತೈದು ನಿಮಿಷ. ಒರಳಿಗೆ ಒಂದು ಸಲಕ್ಕೆ ಎರಡು ಉಂಡೆ ಹಿಡಿಯುತ್ತದೆ.

ಅಷ್ಟರಲ್ಲಿ ಮನೆಯವರು ಒರಳು ಸಿದ್ಧ ಮಾಡಿರುತ್ತಾರೆ. ನೆಲದ ಮೇಲೆ ಹಳೇ ಪೇಪರು, ಅದರ ಮೇಲೆ ಒರಳು. ಒಳಗೆ ಎಣ್ಣೆ ಸವರಿದ್ದು. ಅವರು ಚಿಕ್ಕ ಸ್ಟೂಲಿನ ಮೇಲೆ ಕೂತು ಎರಡು ಕಾಲನ್ನು ಒರಳಿನ ಎರಡು ಕಾಲಿಗೆ ಒತ್ತಿಕೊಳ್ಳುತ್ತಾರೆ, ಅಲುಗದ ಹಾಗೆ. ನಾನು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಎರಡೇ ಎರಡು ಉಂಡೆ ತಂದು ಹಾಕುತ್ತೇನೆ. ಉಳಿದವು ಹಬೆಯಲ್ಲೇ ಇರಬೇಕು. ಇದು ಮುಖ್ಯ. ಬೆಂದ ಅಕ್ಕಿ ಆರಿದ ಹಾಗೆ ಬಿಗಿಯುತ್ತಾ ಹೋಗುತ್ತದೆ. ಐದು ನಿಮಿಷ ತಡವಾದರೆ ಅದೇ ಉಂಡೆಗೆ ದುಪ್ಪಟ್ಟು ಬಲ ಬೇಕು, ಎಳೆಯೂ ಒರಟು.

ಬಿಲ್ಲೆ ಹಿಟ್ಟಿಗೆ ತಾಗುವವರೆಗೆ ತಿರುಪು ಹಗುರ ತಿರುಗುತ್ತದೆ. ಆಮೇಲೆ ಬಿಗಿ. ಒಂದು ಸುತ್ತು, ಎರಡು ಸುತ್ತು, ಏನೂ ಬರುವುದಿಲ್ಲ. ಅಚ್ಚಿನ ತೂತುಗಳಲ್ಲಿ ಬಿಳಿ ಚುಕ್ಕಿ ಕಾಣುತ್ತದೆ. ಮೂರನೇ ಸುತ್ತಿಗೆ ಚುಕ್ಕಿಗಳೆಲ್ಲ ಒಟ್ಟಿಗೆ ಎಳೆಯಾಗಿ ಇಳಿಯಲು ಶುರು. ಹಬೆ ಆಡುತ್ತಾ, ಹೊಳೆಯುತ್ತಾ, ನೇರವಾಗಿ ಇಳಿಯುತ್ತವೆ. ಹತ್ತು ವರ್ಷದ ಮಗಳು ಕೆಳಗೆ ಬಾಳೆಲೆ ಹಾಕಿದ ತಟ್ಟೆ ಹಿಡಿದಿರುತ್ತಾಳೆ. ಎಳೆ ತಟ್ಟೆ ಮುಟ್ಟಿದ ಕೂಡಲೇ ತಿರುಗಿಸಲು ಶುರು ಮಾಡುತ್ತಾಳೆ, ಅಜ್ಜಿ ಮಾಡುತ್ತಿದ್ದ ಹಾಗೆಯೇ. ನಾನು ಹೇಳಿಕೊಟ್ಟಿದ್ದಲ್ಲ. ಇಳಿಯುವ ಎಳೆ ನೋಡಿದರೆ ಕೈ ತಾನಾಗಿ ತಿರುಗುತ್ತದೆ. ಅಂಗೈ ಅಗಲದ ಸುರುಳಿ ಆದಾಗ "ಅಪ್ಪಾ, ಸಾಕು" ಅನ್ನುತ್ತಾಳೆ. ನಾನು ಒದ್ದೆ ಕೈಯಲ್ಲಿ ಎಳೆ ಕತ್ತರಿಸುತ್ತೇನೆ.

ಒತ್ತಿದ ಶಾವಿಗೆಯನ್ನು ಐದು ನಿಮಿಷ ಮುಟ್ಟಬಾರದು. ಬಿಸಿಯಲ್ಲಿ ಮುಟ್ಟಿದರೆ ಎಳೆ ಒಂದಕ್ಕೊಂದು ಅಂಟುತ್ತದೆ. ಸ್ವಲ್ಪ ಆರಿದ ಮೇಲೆ ಕೊಬ್ಬರಿ ಎಣ್ಣೆ ಮುಟ್ಟಿದ ಬೆರಳಲ್ಲಿ ಬಿಡಿಸಿದರೆ ಮಲ್ಲಿಗೆ ಹಾಗೆ ಬಿಡಿಬಿಡಿ. ಅರ್ಧ ಕೆಜಿ ಅಕ್ಕಿಯ ಶಾವಿಗೆ ಒತ್ತಿ ಮುಗಿಸಲು ನಮಗೆ ಈಗ ಇಪ್ಪತ್ತು ನಿಮಿಷ ಸಾಕು. ಮೊದಮೊದಲು ಮುಕ್ಕಾಲು ಗಂಟೆ ಆಗುತ್ತಿತ್ತು.

ತಿನ್ನುವುದಕ್ಕೆ ನಮ್ಮಲ್ಲಿ ಮೊದಲ ಸ್ಥಾನ ಕಾಯಿಹಾಲಿಗೆ. ಬೆಲ್ಲ ಕರಗಿಸಿ, ಸೋಸಿ, ಆರಿಸಿ, ಗಟ್ಟಿ ಕಾಯಿಹಾಲು ಸೇರಿಸಿ ಏಲಕ್ಕಿ ಹಾಕುವುದು. ಕುದಿಸಬೇಡಿ, ಒಡೆಯುತ್ತದೆ. ಮಾವಿನ ಕಾಲದಲ್ಲಿ ಕಾಯಿಹಾಲಿಗೆ ಹಣ್ಣು ಕಿವುಚಿ ಹಾಕಿದರೆ ರಸಾಯನ. ಸಂಜೆ ಆದರೆ ಕೋಳಿ ಸಾರು. ಖಾರದ ಸಾರನ್ನು ಶಾವಿಗೆ ಎಷ್ಟು ಚೆನ್ನಾಗಿ ಹೀರಿಕೊಳ್ಳುತ್ತದೆ ಅಂದರೆ, ತಟ್ಟೆಗೆ ಮತ್ತೆ ಮತ್ತೆ ಸಾರು ಬಡಿಸಬೇಕು. ಉಳಿದಿದ್ದಕ್ಕೆ ಮಾರನೇ ದಿನ ಸಾಸಿವೆ, ಕರಿಬೇವು, ನಿಂಬೆರಸದ ಒಗ್ಗರಣೆ.

ನಮ್ಮ ಅತ್ತೆ ಗದಗದವರು. ಅವರ ಕಡೆ ಶಾವಿಗೆ ಅಂದರೆ ಗೋಧಿಯದು. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಮಾಡಿ, ಕೋಲಿನ ಮೇಲೆ ಬಿಸಿಲಿಗೆ ಒಣಹಾಕಿ, ಡಬ್ಬಿ ತುಂಬಿ ವರ್ಷಕ್ಕಾಗುವಷ್ಟು ಇಟ್ಟುಕೊಳ್ಳುವುದು. ಹೋದ ಶ್ರಾವಣದಲ್ಲಿ ಅವರು ಬಂದಾಗ ಒರಳು ತೆಗೆದೆ. ಕುರ್ಚಿ ಎಳೆದುಕೊಂಡು ಹತ್ತಿರ ಕೂತು ಪೂರ್ತಿ ನೋಡಿದರು.

"ಇದಕ್ಕ ಶಾವಿಗಿ ಅಂತೀರೇನವಾ ನೀವು? ಹಸೀದs ತಿಂತೀರಿ, ಒಣಗಸಂಗಿಲ್ಲ?"

"ಇಲ್ಲ ಅತ್ತೆ, ಬಿಸಿ ಇರುವಾಗಲೇ ತಿನ್ನಬೇಕು."

ಕಾಯಿಹಾಲು ಅವರಿಗೆ ಅಷ್ಟು ಹಿಡಿಸಲಿಲ್ಲ. ಸಿಹಿ ಸಪ್ಪೆ ಅನ್ನಿಸಿತೇನೋ. ಎದ್ದು ಹೋಗಿ ತಾವು ಊರಿನಿಂದ ತಂದಿದ್ದ ಗುರೆಳ್ಳು ಹಿಂಡಿ, ಅಂದರೆ ಹುಚ್ಚೆಳ್ಳಿನ ಚಟ್ನಿಪುಡಿ, ತಂದರು. ಶಾವಿಗೆ ಮೇಲೆ ಹಿಂಡಿ ಉದುರಿಸಿ, ಶೇಂಗಾ ಎಣ್ಣೆ ಹಾಕಿ, ಕೈಯಲ್ಲಿ ಕಲಸಿ ಒಂದು ತುತ್ತು ತಿಂದರು. ಇನ್ನೊಂದು ತುತ್ತು ಮೊಮ್ಮಗಳ ಬಾಯಿಗೆ. ಆಮೇಲೆ ನನ್ನ ತಟ್ಟೆಗೂ ಬಂತು. ಗುರೆಳ್ಳಿನ ಆ ಸಣ್ಣ ಕಹಿ, ಬೆಳ್ಳುಳ್ಳಿ, ಖಾರ, ಅದರ ಜೊತೆ ಮೆತ್ತನೆ ಅಕ್ಕಿ ಎಳೆ. ನಾನು ಹುಟ್ಟಿದಾಗಿನಿಂದ ಶಾವಿಗೆ ತಿಂದವಳು, ಇಂಥ ಜೋಡಿ ಒಮ್ಮೆಯೂ ತಿಂದಿರಲಿಲ್ಲ. ಈಗ ನಮ್ಮ ಮನೆಯಲ್ಲಿ ಹಿಂಡಿ ಇಲ್ಲದೆ ಶಾವಿಗೆ ಆಗುವುದೇ ಇಲ್ಲ.

ಒರಳಿನಲ್ಲಿ ಕೊರತೆ ಇಲ್ಲ ಅಂತಲ್ಲ. ಕಾಲಿನ ಅಡಿಗೆ ರಬ್ಬರ್ ಇಲ್ಲ. ಟೈಲ್ಸ್ ನೆಲದ ಮೇಲೆ ಜಾರುತ್ತದೆ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಮೂರೂ ಕಾಲಿಗೆ ಸುತ್ತಿ ಕಟ್ಟಿದ ಮೇಲೆ ಸರಿಹೋಯಿತು. ಹಿಡಿ ಬರೀ ಕಬ್ಬಿಣದ ಸರಳು, ನಾಲ್ಕನೇ ಸಲ ತಿರುಗಿಸುವಷ್ಟರಲ್ಲಿ ಅಂಗೈ ಕೆಂಪಾಗುತ್ತದೆ. ಅದಕ್ಕೂ ಬಟ್ಟೆ ಸುತ್ತಿದ್ದೇವೆ. ಇಷ್ಟು ದುಡ್ಡು ಕೊಟ್ಟ ಮೇಲೆ ಒಂದು ಮರದ ಹಿಡಿ, ಮೂರು ರಬ್ಬರ್ ಬಿರಡೆ ಮಾಡುವವರೇ ಹಾಕಬೇಕಿತ್ತು. ಬಿಸಿ ಉಂಡೆ ಬಿದ್ದ ಕೂಡಲೇ ಒರಳಿನ ಹೊರಮೈ ಕಾಯುತ್ತದೆ, ಚಿಕ್ಕ ಮಕ್ಕಳ ಕೈ ತಾಗದ ಹಾಗೆ ನೋಡಿಕೊಳ್ಳಬೇಕು. ತೂಕ 6 ಕೆಜಿ ಹತ್ತಿರ ಇದೆ. ಮೇಲಿನ ಶೆಲ್ಫಿನಲ್ಲಿ ಇಟ್ಟರೆ ತೆಗೆಯಲು ಬೇಜಾರಾಗಿ ಬಳಸುವುದೇ ಬಿಡುತ್ತೀರಿ. ನಾನು ಅಕ್ಕಿ ಡಬ್ಬದ ಪಕ್ಕ ನೆಲದ ಮೇಲೇ ಇಟ್ಟಿದ್ದೇನೆ.

ತೊಳೆಯುವುದು ತಡ ಮಾಡಬಾರದು. ಕೊನೆಯ ಉಂಡೆ ಮುಗಿದ ಕೂಡಲೇ ಅಚ್ಚು ಬಿಚ್ಚಿ ನೀರಿಗೆ ಹಾಕಿ. ಹಿಟ್ಟು ಒಣಗಿದರೆ ತೂತು ತೂತಿಗೂ ಪೊರಕೆ ಕಡ್ಡಿ ಚುಚ್ಚಿ ತೆಗೆಯಬೇಕಾಗುತ್ತದೆ. ನೆನೆದಿದ್ದರೆ ನಲ್ಲಿಯ ಕೆಳಗೆ ಹಿಡಿದರೆ ಸಾಕು. ತಿರುಪನ್ನು ಮಾತ್ರ ನೀರಲ್ಲಿ ನೆನೆಹಾಕಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಒಂದು ಹನಿ ಕೊಬ್ಬರಿ ಎಣ್ಣೆ. ನನ್ನದಕ್ಕೆ ಇನ್ನೂ ತುಕ್ಕು ಹಿಡಿದಿಲ್ಲ.

ಹಿತ್ತಾಳೆಯದು ತಗೊಳ್ಳಲೇ ಅಂತ ನನ್ನ ತಂಗಿ ಕೇಳಿದಳು. ಅದೇ ಅಂಗಡಿಯಲ್ಲಿ ಹಿತ್ತಾಳೆ ಒರಳಿಗೆ ದುಪ್ಪಟ್ಟು ಬೆಲೆ ಹೇಳಿದ್ದರು. ಚೆಂದ ಇದೆ, ಗಟ್ಟಿ ಇದೆ. ಆದರೆ ಪ್ರತಿ ಸಲ ಹುಣಸೆಹಣ್ಣು ಹಾಕಿ ತಿಕ್ಕುವ ಸಮಯ ಇದ್ದರೆ ಮಾತ್ರ. ವಾರ ವಾರ ಒತ್ತುವವರಿಗೆ ಸ್ಟೀಲೇ ಸರಿ. ಇನ್ನು, ಮನೆಯಲ್ಲಿ ಒಬ್ಬರೇ ಇರುವವರು ಇದನ್ನು ತಗೊಳ್ಳುವ ಮುಂಚೆ ಯೋಚನೆ ಮಾಡಿ. ತಿರುಪು ತಿರುಗಿಸಲು ಒಬ್ಬರು, ತಟ್ಟೆ ಹಿಡಿಯಲು ಒಬ್ಬರು ಬೇಕೇ ಬೇಕು. ಒಬ್ಬಳೇ ಎರಡು ಸಲ ಪ್ರಯತ್ನ ಮಾಡಿದೆ, ಶಾವಿಗೆ ಗುಡ್ಡೆಯಾಗಿ ಬಿದ್ದು ಅಂಟಿಕೊಂಡಿತು. ಅಂಗಡಿಯ ಅಕ್ಕಿಹಿಟ್ಟಿನಲ್ಲೂ ಮಾಡಬಹುದು, ಕುದಿಯುವ ನೀರಿಗೆ ಹಾಕಿ ಮುದ್ದೆ ಮಾಡಿದರೆ ಆಯಿತು. ಅರ್ಧ ಕೆಲಸ ಕಡಿಮೆಯಾಗುತ್ತದೆ, ಎಳೆ ಮಾತ್ರ ತುಂಡು ತುಂಡು. ನೆನೆಸಿ ರುಬ್ಬಿದ್ದರ ಮೃದು ಅದಕ್ಕೆ ಬರುವುದಿಲ್ಲ.

ಹೋದ ವಾರ ಅತ್ತೆ ಫೋನ್ ಮಾಡಿದ್ದರು. ಗದಗದಲ್ಲಿ ಅವರ ಓಣಿಯವರಿಗೆಲ್ಲ ಒತ್ತು ಶಾವಿಗೆ ವಿಷಯ ಹೇಳಿದ್ದಾರಂತೆ. "ನಿಮ್ಮ ಅವ್ವಗ ಹೇಳವಾ, ನನಗೂ ಅಂಥಾದs ಒಂದು ಒಳ್ಳು ಆರಿಸಿ ಇಡಲಿ" ಅಂದರು. ಅಮ್ಮನಿಗೆ ಹೇಳಿದೆ. ಬರುವ ಸೋಮವಾರ ಪೇಟೆಗೆ ಹೋಗುತ್ತಾರಂತೆ. ಕರೆಯೋಲೆ ಈಗಾಗಲೇ ಚೀಲಕ್ಕೆ ಹಾಕಿಟ್ಟಿದ್ದಾರೆ.